ಒಂದೇ ಕಾವಲಿ, ಒಂದೇ ಬೆಂಚು

ಬೆಂಗಳೂರಿನ ಯಾವ ಬಡಾವಣೆಗೆ ಹೋದರೂ ‘ದಾವಣಗೆರೆ ಬೆಣ್ಣೆ ದೋಸೆ’ ಎಂಬ ಫಲಕ ಕಣ್ಣಿಗೆ ಬೀಳುತ್ತದೆ. ಮೈಸೂರು, ಹುಬ್ಬಳ್ಳಿ, ಗಡಿ ದಾಟಿದರೆ ಮುಂಬೈಯಲ್ಲೂ ಈ ದೋಸೆಗೆ ಗಿರಾಕಿಗಳಿದ್ದಾರೆ. ಹೀಗೆ ಊರಿಂದೂರಿಗೆ ಹೋದದ್ದು ಹಿಟ್ಟಿನ ಹದ ಮತ್ತು ಬೆಣ್ಣೆಯ ಘಮ. ದಾವಣಗೆರೆಯಲ್ಲೇ ಉಳಿದದ್ದು ಆ ದೋಸೆಯನ್ನು ಸಾಕಿ ಬೆಳೆಸಿದ ಹೋಟೆಲು: ಹತ್ತಿಪ್ಪತ್ತು ಜನ ಹಿಡಿಸುವ ಕೋಣೆ, ಬಾಗಿಲ ಬಳಿಯೇ ಸೌದೆ ಒಲೆ, ಒಲೆಯ ಮೇಲೆ ಅಗಲವಾದ ಕಬ್ಬಿಣದ ಕಾವಲಿ, ಎರಡು ಸಾಲು ಬೆಂಚು, ನಾಲ್ಕೈದು ಸಾಲಿಗೆ ಮುಗಿದುಹೋಗುವ ದರಪಟ್ಟಿ. ದೋಸೆಯ ರುಚಿಯ ಬಗ್ಗೆ ಬೇಕಾದಷ್ಟು ಬರೆದಾಗಿದೆ. ಹೋಟೆಲಿನ ಬಗ್ಗೆ ಹೇಳಬೇಕಾದ ಮಾತು ಇನ್ನೂ ಉಳಿದಿದೆ. ಗ್ರಂಥಾಲಯ, ಬಸ್ ನಿಲ್ದಾಣ, ಸಂತೆಗಳ ಹಾಗೆ ಈ ಸಣ್ಣ ಹೋಟೆಲೂ ಊರಿನ ಸಾರ್ವಜನಿಕ ಸಂಸ್ಥೆ. ಅದನ್ನು ಸಾರ್ವಜನಿಕವಾಗಿಸಿದ್ದು ಅದರ ಚಿಕ್ಕ ದರಪಟ್ಟಿ. ತಿನ್ನಲು ಇರುವುದು ಒಂದೇ ಪದಾರ್ಥ, ಅದಕ್ಕೆ ಒಂದೇ ಬೆಲೆ ಎಂದಾದಾಗ, ಬೆಂಚಿನ ಮೇಲೆ ಅಕ್ಕಪಕ್ಕ ಕೂತವರ ನಡುವಿನ ಅಂತರ ತಟ್ಟೆಯ ಮಟ್ಟಿಗಾದರೂ ಅಳಿಯುತ್ತದೆ.

ಈ ದೋಸೆಯ ಮೂಲವನ್ನು ಊರಿನವರು ಚೆನ್ನಮ್ಮ ಎಂಬ ಮಹಿಳೆಯವರೆಗೆ ಒಯ್ಯುತ್ತಾರೆ. 1928ರ ಸುಮಾರಿಗೆ ಬೆಳಗಾವಿ ಸೀಮೆಯಿಂದ ಮಕ್ಕಳನ್ನು ಕಟ್ಟಿಕೊಂಡು ಬಂದ ಆಕೆ ನಾಟಕದ ಥಿಯೇಟರಿನ ಬಳಿ ರಾಗಿ ದೋಸೆ ಮಾರತೊಡಗಿದರು, ಮುಂದೆ ಮಕ್ಕಳಾದ ಶಾಂತಪ್ಪ ಮತ್ತು ಮಹದೇವಪ್ಪ ಅಕ್ಕಿ ಹಿಟ್ಟಿಗೆ ಹೊರಳಿ ಹೋಟೆಲು ಬೆಳೆಸಿದರು ಎಂಬುದು ಬಾಯಿಂದ ಬಾಯಿಗೆ ಬಂದು ಪತ್ರಿಕೆಗಳಲ್ಲೂ ಮತ್ತೆ ಮತ್ತೆ ಅಚ್ಚಾಗಿರುವ ಕಥೆ. ಇದರಲ್ಲಿ ಗಮನಿಸಬೇಕಾದದ್ದು ದೋಸೆ ಹುಟ್ಟಿದ ಜಾಗ. ಕಂಪನಿ ನಾಟಕಗಳು ರಾತ್ರಿ ಪೂರ್ತಿ ನಡೆಯುತ್ತಿದ್ದ ಕಾಲ ಅದು. ಅದೇ ಹೊತ್ತಿಗೆ, 1930ರ ದಶಕದಿಂದ, ಹತ್ತಿ ಗಿರಣಿಗಳು ಒಂದೊಂದಾಗಿ ಏಳತೊಡಗಿ ಊರಿಗೆ ‘ಕರ್ನಾಟಕದ ಮ್ಯಾಂಚೆಸ್ಟರ್’ ಎಂಬ ಹೆಸರು ಬಂತು. ಗಿರಣಿಯ ಪಾಳಿ ಮುಗಿಸಿದವರು, ಮಂಡಿಪೇಟೆಯಲ್ಲಿ ಮೂಟೆ ಹೊರುವ ಹಮಾಲರು, ದಲಾಲಿ ಅಂಗಡಿಗೆ ಮಾಲು ತಂದ ರೈತರು, ನಾಟಕ ಬಿಟ್ಟಾಗ ಹೊರಬಂದ ಪ್ರೇಕ್ಷಕರು, ಇವರೆಲ್ಲರಿಗೂ ಮನೆಯಿಂದ ದೂರ ಇರುವಾಗ, ಹೊತ್ತಲ್ಲದ ಹೊತ್ತಿನಲ್ಲಿ, ಕೈಗೆಟಕುವ ಬೆಲೆಗೆ ಹೊಟ್ಟೆ ತುಂಬಬೇಕಿತ್ತು. ಕಾರ್ಮಿಕ ನಾಯಕ ಕಾಮ್ರೇಡ್ ಪಂಪಾಪತಿಯವರನ್ನು 1978, 1983 ಮತ್ತು 1985ರಲ್ಲಿ ಮೂರು ಸಲ ವಿಧಾನಸಭೆಗೆ ಕಳಿಸಿದ ಊರಿದು. ದುಡಿಯುವವರ ತೂಕ ಮತಪೆಟ್ಟಿಗೆಯಲ್ಲಿ ಕಂಡ ಹಾಗೆಯೇ ಇಲ್ಲಿನ ತಿಂಡಿಯ ಸ್ವರೂಪದಲ್ಲೂ ಕಾಣುತ್ತದೆ.

ದೋಸೆಯ ರಚನೆಯನ್ನೇ ನೋಡಿ. ಅಕ್ಕಿ ಹೆಚ್ಚು, ಉದ್ದು ಕಡಿಮೆ, ಜೊತೆಗೆ ನೆನೆಸಿದ ಮಂಡಕ್ಕಿ. ಮಂಡಕ್ಕಿ ಒಮ್ಮೆ ಬೆಂದು ಅರಳಿದ ಅಕ್ಕಿಯಾದ್ದರಿಂದ ಅದರ ಪಿಷ್ಟ ನೀರನ್ನು ಚೆನ್ನಾಗಿ ಹಿಡಿದಿಡುತ್ತದೆ. ಹೀಗಾಗಿ ದೋಸೆಯ ಒಡಲು ಮೆತ್ತಗೆ ಉಳಿದು, ಕಾವಲಿಗೆ ತಗುಲಿದ ಮೈ ಮಾತ್ರ ಬೆಣ್ಣೆಯಲ್ಲಿ ಕೆಂಪಗೆ ಗರಿಗರಿಯಾಗುತ್ತದೆ. ದುಬಾರಿಯಾದ ಉದ್ದನ್ನು ಕಡಿಮೆ ಮಾಡಿ, ಊರಲ್ಲೇ ಸಿಗುವ ಅಗ್ಗದ ಮಂಡಕ್ಕಿಯಿಂದ ಮೃದುತ್ವ ಪಡೆಯುವ ಉಪಾಯವಿದು. ಜೊತೆಗೆ ಬರುವುದು ಅರಿಶಿನ ಹಾಕದ, ಕಲಸಿದ ಬಿಳಿ ಆಲೂಗಡ್ಡೆ ಪಲ್ಯ ಮತ್ತು ತೆಳ್ಳನೆಯ ಖಾರದ ಕಾಯಿ ಚಟ್ನಿ. ಸಾಮಾನ್ಯವಾಗಿ ಸಾಂಬಾರಿಗೆ ಇಲ್ಲಿ ಜಾಗವಿಲ್ಲ. ಖಾಲಿ ದೋಸೆ, ಬೆಣ್ಣೆ ದೋಸೆ, ಓಪನ್ ದೋಸೆ ಎಂದು ಹೆಸರು ಬೇರೆಯಾದರೂ ಹಿಟ್ಟು ಒಂದೇ, ಪಲ್ಯ ಒಂದೇ, ಚಟ್ನಿ ಒಂದೇ. ರುಬ್ಬಿಟ್ಟ ಹಿಟ್ಟು ಸಂಜೆಯೊಳಗೆ ಮುಗಿಯುತ್ತದೆ, ಉಳಿದು ಹಳಸುವುದು ಕಡಿಮೆ, ಒಬ್ಬ ಕೈ ಪಳಗಿದ ಭಟ್ಟ ಒಂದೇ ಕಾವಲಿಯ ಮೇಲೆ ಹಲವು ದೋಸೆ ಸಾಲಾಗಿ ಹೊಯ್ಯಬಲ್ಲ. ಬಗೆ ಕಡಿಮೆಯಾದಷ್ಟೂ ಪಾಲು ಹೆಚ್ಚುತ್ತದೆ ಎಂಬ ಲೆಕ್ಕ ಇದರ ಹಿಂದಿದೆ.

ಆ ಮಂಡಕ್ಕಿಯ ಜಾಡು ಹಿಡಿದು ಹೋದರೆ ಹೋಟೆಲಿನ ಬೇರುಗಳು ಎಷ್ಟು ದೂರ ಹರಡಿವೆ ಎಂದು ತಿಳಿಯುತ್ತದೆ. ಲಕ್ಕವಳ್ಳಿಯ ಭದ್ರಾ ಜಲಾಶಯದಿಂದ ಬರುವ ನಾಲೆ ದಾವಣಗೆರೆ, ಹರಿಹರ ತಾಲ್ಲೂಕುಗಳ ಹೊಲಗಳನ್ನು ಗದ್ದೆಯಾಗಿಸಿತು. ಭತ್ತ ಬಂದಲ್ಲಿ ಅಕ್ಕಿ ಗಿರಣಿ ಬಂತು, ಮಂಡಕ್ಕಿ ಭಟ್ಟಿಗಳೂ ಬಲವಾದವು. ಆಜಾದ್ ನಗರ, ಬಾಷಾ ನಗರದ ಭಟ್ಟಿಗಳಲ್ಲಿ ಭತ್ತವನ್ನು ನೆನೆಸಿ, ಬೇಯಿಸಿ, ಒಣಗಿಸಿ, ಹೊಟ್ಟು ಬಿಡಿಸಿ, ಆ ಅಕ್ಕಿಗೆ ಉಪ್ಪುನೀರು ಹಿಡಿಸಿ ಕಾದ ಮರಳಿನಲ್ಲಿ ಹುರಿದಾಗ ಅದು ಅರಳುತ್ತದೆ. ಒಂದು ಪಾಲು ದೋಸೆ ಹಿಟ್ಟಿಗೆ ಹೋಗುತ್ತದೆ, ಇನ್ನೊಂದು ಪಾಲು ಸಂಜೆಯ ಗಾಡಿಗಳಿಗೆ. ಬೆಳಗಿಗೆ ಬೆಣ್ಣೆ ದೋಸೆ ಹೇಗೋ ಇಳಿಹೊತ್ತಿಗೆ ಮಂಡಕ್ಕಿ–ಮೆಣಸಿನಕಾಯಿ ಹಾಗೆ. ಒಗ್ಗರಣೆ ಮಂಡಕ್ಕಿ, ಖಾರ ಮಂಡಕ್ಕಿ, ಹುರಿಗಡಲೆ ಪುಡಿ ಬೆರೆಸಿದ ನರ್ಗಿಸ್ ಮಂಡಕ್ಕಿ, ಪಕ್ಕದಲ್ಲಿ ಬಿಸಿ ಎಣ್ಣೆಯಿಂದ ಎದ್ದ ಮೆಣಸಿನಕಾಯಿ ಬಜ್ಜಿ. ನಾಲೆಯ ನೀರು ಕಟ್ಟಿದ ರೈತ, ಭಟ್ಟಿಯ ಬೆಂಕಿ ಮುಂದೆ ನಿಂತ ಕಾರ್ಮಿಕ, ಕಾವಲಿ ಹಿಡಿದ ಭಟ್ಟ, ಬೇರೆ ಬೇರೆ ಕೇರಿಯ, ಬೇರೆ ಬೇರೆ ಸಮುದಾಯದ ಇವರ ದುಡಿಮೆ ಒಂದು ತಟ್ಟೆಯಲ್ಲಿ ಕೂಡುತ್ತದೆ. ತಟ್ಟೆಯನ್ನು ಹೊಗಳುವವರು ಈ ಸರಪಳಿಯನ್ನು ಮರೆಯಬಾರದು.

ಈಗ ಬೆಂಚಿನ ಮಾತು. 1950ರಲ್ಲಿ ಜಾರಿಗೆ ಬಂದ ನಮ್ಮ ಸಂವಿಧಾನದ 15ನೇ ವಿಧಿಯ ಎರಡನೇ ಖಂಡ ಅಂಗಡಿ, ಸಾರ್ವಜನಿಕ ಉಪಾಹಾರಗೃಹ, ಹೋಟೆಲುಗಳನ್ನು ಹೆಸರಿಸಿಯೇ ಹೇಳುತ್ತದೆ: ಧರ್ಮ, ಜಾತಿ, ಲಿಂಗ, ಹುಟ್ಟಿದ ಸ್ಥಳದ ಕಾರಣಕ್ಕೆ ಯಾವ ಪ್ರಜೆಯನ್ನೂ ಅಲ್ಲಿಂದ ಹೊರಗಿಡುವಂತಿಲ್ಲ. ಬಾವಿ, ಕೆರೆ, ರಸ್ತೆಗಳ ಸಾಲಿನಲ್ಲೇ ಹೋಟೆಲನ್ನು ಇಟ್ಟ ಸಂವಿಧಾನಕರ್ತರಿಗೆ, ಯಾರು ಯಾರ ಜೊತೆ ಕೂತು ತಿನ್ನುತ್ತಾರೆ ಎಂಬುದು ಈ ದೇಶದಲ್ಲಿ ಎಷ್ಟು ದೊಡ್ಡ ಪ್ರಶ್ನೆ ಎಂದು ಗೊತ್ತಿತ್ತು. ಆದರೆ ಕಾನೂನು ಬಾಗಿಲು ತೆರೆಯಬಲ್ಲದು, ಒಳಗೆ ಬಂದವರನ್ನು ಒಟ್ಟಿಗೆ ಕೂರಿಸುವ ಕೆಲಸ ಇನ್ನೊಂದು. ದರಪಟ್ಟಿ ನೂರು ಬಗೆಯದಾದರೆ ಹವಾನಿಯಂತ್ರಿತ ಕೋಣೆ ಬೇರೆ, ಸಾದಾ ಕೋಣೆ ಬೇರೆ, ತಟ್ಟೆಯ ಬೆಲೆಯಿಂದಲೇ ತಿನ್ನುವವನ ಅಂತಸ್ತು ತಿಳಿಯುತ್ತದೆ. ಒಂದೇ ಕಾವಲಿಯ ಹೋಟೆಲಿನಲ್ಲಿ ಹಾಗೆ ಬೇರೆಯಾಗಿ ಕೂರಲು ದಾರಿಯಿಲ್ಲ. ವಕೀಲರಿಗೂ ಹಮಾಲರಿಗೂ ಅದೇ ದೋಸೆ, ಅದೇ ಚಟ್ನಿ, ಕಾಯುವುದಕ್ಕೂ ಅದೇ ಸರದಿ. 1965ರಲ್ಲಿ ಜೆಜೆಎಂ ವೈದ್ಯಕೀಯ ಕಾಲೇಜು, 1979ರಲ್ಲಿ ಬಾಪೂಜಿ ಎಂಜಿನಿಯರಿಂಗ್ ಕಾಲೇಜು ಬಂದು ದೂರದೂರದ ವಿದ್ಯಾರ್ಥಿಗಳು ಊರಿಗೆ ಸೇರಿದಾಗ ಅವರಿಗೂ ಅದೇ ಬೆಂಚಿನಲ್ಲಿ ಜಾಗ ಸಿಕ್ಕಿತು.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ, ಅದು ನ್ಯಾಯವಾದದ್ದು. ನಮ್ಮ ಹೋಟೆಲುಗಳ ಚರಿತ್ರೆ ಸಮಾನತೆಯ ಚರಿತ್ರೆಯೇನೂ ಅಲ್ಲ ಎಂದು ಹೇಳುವವರಿದ್ದಾರೆ. ಫಲಕದ ಮೇಲೆ ಜಾತಿಯ ಹೆಸರು ಬರೆದ ಹೋಟೆಲುಗಳು, ಸಮುದಾಯದ ಹೆಸರಿನಲ್ಲೇ ಗುರುತಾಗುವ ಖಾನಾವಳಿಗಳು ಕನ್ನಡನಾಡಿನ ಉದ್ದಕ್ಕೂ ಇದ್ದವು, ಕೆಲವು ಈಗಲೂ ಇವೆ. ದಲಿತರಿಗೆ ಬೇರೆ ಲೋಟ ಇಡುವ ಹೀನ ಪದ್ಧತಿಯ ವಿರುದ್ಧ 1955ರಲ್ಲೇ ಕಾಯ್ದೆ ಬಂದರೂ ಅದು ಒಂದೇ ದಿನಕ್ಕೆ ಅಳಿಯಲಿಲ್ಲ. ಇದನ್ನು ಮುಚ್ಚಿಟ್ಟು ಬೆಂಚನ್ನು ಹೊಗಳಿದರೆ ಸುಳ್ಳಾದೀತು. ಆದರೆ ಖಾನಾವಳಿಗೂ ದೋಸೆ ಹೋಟೆಲಿಗೂ ಇರುವ ವ್ಯತ್ಯಾಸ ನೋಡಬೇಕು. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿಯ ಖಾನಾವಳಿ ಮನೆಯ ಊಟಕ್ಕೆ ಬದಲಿಯಾಗಿ ಹುಟ್ಟಿದ್ದು. ತಿಂಗಳ ಲೆಕ್ಕದಲ್ಲಿ ಉಣ್ಣುವವರು ಮನೆಯ ಆಚಾರವನ್ನೂ ಅಲ್ಲಿ ಹುಡುಕಿದರು. ದೋಸೆ ಮತ್ತು ಮಂಡಕ್ಕಿ ಬೀದಿಯ ತಿಂಡಿಗಳು, ಹತ್ತು ನಿಮಿಷದಲ್ಲಿ ತಿಂದು ಏಳುವವರಿಗಾಗಿ ಇದ್ದವು. ಗುರುತು ಕೇಳುತ್ತ ಕೂರಲು ಮಾಲೀಕನಿಗೂ ಪುರುಸೊತ್ತಿಲ್ಲ, ಗಿರಾಕಿಗೂ ಇಲ್ಲ. ಸಮಾನತೆಗೆ ಸಂವಿಧಾನವೂ ಹೋರಾಟಗಳೂ ಅಡಿಪಾಯ ಹಾಕಿದವು. ಅದನ್ನು ದಿನದ ಅಭ್ಯಾಸವಾಗಿಸಲು ಇಂಥ ಅವಸರದ ಬೆಂಚು ನೆರವಾಯಿತು ಎಂಬುದಷ್ಟೇ ನನ್ನ ವಾದ.

ಇನ್ನೂ ಗಂಭೀರವಾದ ಕೊರತೆ ಹೆಂಗಸರ ವಿಷಯದ್ದು. ಊರು ಹೇಳುವ ಕಥೆಯಲ್ಲಿ ಮೊದಲ ದೋಸೆ ಹೊಯ್ದದ್ದು ಒಬ್ಬ ಹೆಣ್ಣುಮಗಳು. ಖಾನಾವಳಿಯ ರೊಟ್ಟಿ ತಟ್ಟುವುದು ಹೆಂಗಸರ ಕೈ, ಎಷ್ಟೋ ಕಡೆ ಪಡ್ಡು ಬೇಯಿಸಿ ಮಾರುವವರೂ ಅವರೇ. ಆದರೂ ಗಿರಾಕಿಯಾಗಿ ಬಂದ ಹೆಂಗಸಿಗೆ ದಶಕಗಳ ಕಾಲ ಸಿಕ್ಕಿದ್ದು ‘ಫ್ಯಾಮಿಲಿ ರೂಮ್’ ಎಂಬ ಪರದೆಯ ಹಿಂದಿನ ಮೂಲೆ. 15ನೇ ವಿಧಿ ಜಾತಿಯ ಜೊತೆಯಲ್ಲೇ ಲಿಂಗವನ್ನೂ ಹೆಸರಿಸಿದೆ ಎಂಬುದನ್ನು ಇಲ್ಲಿ ನೆನೆಯಬೇಕು. ಕಾಲೇಜು, ಕಚೇರಿ, ಮಾರುಕಟ್ಟೆಗೆ ಒಬ್ಬರೇ ಹೋಗಿಬರುವ ಹೆಣ್ಣುಮಕ್ಕಳು ಹೆಚ್ಚಿದಂತೆ ಆ ಪರದೆ ತೆಳುವಾಗಿದೆ. ಒಬ್ಬಳೇ ಬಂದ ಹೆಂಗಸು ಮುಜುಗರವಿಲ್ಲದೆ ಮುಂದಿನ ಬೆಂಚಿನಲ್ಲಿ ಕೂತು ತಿಂದೇಳುವ ದಿನವೇ ಹೋಟೆಲು ಪೂರ್ತಿ ಸಾರ್ವಜನಿಕವಾಗುವ ದಿನ.

ಸಣ್ಣ ಹೋಟೆಲಿನ ಬಾಳಿಕೆಯನ್ನು ಅಳೆಯಲು ಸುಮಾರು 14 ಕಿಲೋಮೀಟರ್ ದೂರದ ಹರಿಹರಕ್ಕೆ ಹೋಗಬೇಕು. ಹದಿಮೂರನೇ ಶತಮಾನದ ಹರಿಹರೇಶ್ವರ ದೇಗುಲಕ್ಕೆ ಬರುವ ಯಾತ್ರಿಕರು, ತುಂಗಭದ್ರೆ ದಾಟುವ ಹೆದ್ದಾರಿಯ ಪ್ರಯಾಣಿಕರು ಮೊದಲಿನಿಂದಲೂ ಆ ಊರಿಗಿದ್ದರು. 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಬಂದು ಲೇತ್ ಯಂತ್ರಗಳನ್ನು ತಯಾರಿಸತೊಡಗಿದ ಮೇಲೆ ಹರಿಹರ ಕಾರ್ಮಿಕರ ಊರೂ ಆಯಿತು. 1970ರ ದಶಕದಲ್ಲಿ ಹೊಳೆಯಾಚೆಯ ಕುಮಾರಪಟ್ಟಣದಲ್ಲಿ ಪಾಲಿಫೈಬರ್ಸ್ ಕಾರ್ಖಾನೆ ಎದ್ದಿತು. 1948ರ ಕಾರ್ಖಾನೆಗಳ ಕಾಯ್ದೆಯ 46ನೇ ಕಲಂ 250ಕ್ಕಿಂತ ಹೆಚ್ಚು ಕಾರ್ಮಿಕರಿರುವ ಕಾರ್ಖಾನೆಗಳಲ್ಲಿ ಕ್ಯಾಂಟೀನ್ ಕಡ್ಡಾಯ ಮಾಡಲು ಸರ್ಕಾರಕ್ಕೆ ಅಧಿಕಾರ ಕೊಟ್ಟಿತು. ದುಡಿಯುವವನ ಊಟ ಖಾಸಗಿ ಚಿಂತೆಯಷ್ಟೇ ಅಲ್ಲ, ಸಮಾಜದ ಹೊಣೆ ಎಂದು ಒಪ್ಪಿಕೊಂಡ ಒಳ್ಳೆಯ ಕಾನೂನದು. ಆದರೆ ಕ್ಯಾಂಟೀನು ಕಾರ್ಖಾನೆಯ ಗೇಟಿನ ಒಳಗಿರುತ್ತದೆ. ಈ ಶತಮಾನದ ಆರಂಭದಲ್ಲಿ ಕಿರ್ಲೋಸ್ಕರ್ ಮುಚ್ಚಿದಾಗ ಸಂಬಳದ ಜೊತೆ ಆ ಊಟದ ಹಕ್ಕೂ ಹೋಯಿತು. ದಾವಣಗೆರೆಯ ಗಿರಣಿಗಳಲ್ಲೂ ಬಹುಪಾಲು ಅಷ್ಟರೊಳಗೆ ನಿಂತುಹೋಗಿದ್ದವು. ಗುರುತಿನ ಚೀಟಿ ಕೇಳದ ಹೋಟೆಲುಗಳು ಮಾತ್ರ ಬಸ್ ನಿಲ್ದಾಣದ ಸುತ್ತ, ಪಿ.ಬಿ. (ಪುಣೆ–ಬೆಂಗಳೂರು) ರಸ್ತೆಯ ಉದ್ದಕ್ಕೂ ಉಳಿದವು. ಒಂದು ಉದ್ಯಮಕ್ಕೆ ಕಟ್ಟಿಹಾಕಿಕೊಳ್ಳದೆ ಇಡೀ ಊರಿಗೆ ತೆರೆದುಕೊಂಡದ್ದರಿಂದ ಅವಕ್ಕೆ ಆ ಬಾಳಿಕೆ ಬಂತು.

ಹಾಗಾದರೆ 2017ರಲ್ಲಿ ಬೆಂಗಳೂರಿನಲ್ಲಿ ಶುರುವಾಗಿ ಜಿಲ್ಲೆಗಳಿಗೂ ಬಂದ ಇಂದಿರಾ ಕ್ಯಾಂಟೀನ್ ಈ ಕೆಲಸವನ್ನು ಇನ್ನೂ ಚೆನ್ನಾಗಿ ಮಾಡುವುದಿಲ್ಲವೇ ಎಂದು ಕೇಳಬಹುದು. ಐದು ರೂಪಾಯಿಗೆ ತಿಂಡಿ, ಹತ್ತು ರೂಪಾಯಿಗೆ ಊಟ ಕೊಡುವುದು ಯಾವ ಖಾಸಗಿ ಹೋಟೆಲಿಗೂ ಸಾಧ್ಯವಿಲ್ಲ. ಹಸಿದವನಿಗೆ ಅದು ಬೇಕೇ ಬೇಕು. ಆದರೆ ಅಲ್ಲಿಗೆ ಸ್ಥಿತಿವಂತ ಹೋಗುವುದು ಅಪರೂಪ. ಕೈಯಲ್ಲಿ ಹಣ ಕಡಿಮೆ ಇದ್ದವರು ಮಾತ್ರ ಕೂಡುವ ಜಾಗ ಹೊಟ್ಟೆ ತುಂಬಿಸುತ್ತದೆ, ಜನರನ್ನು ಬೆರೆಸುವುದಿಲ್ಲ. ಎರಡೂ ಬೇಕು, ಎರಡರ ಕೆಲಸವೂ ಬೇರೆ. ಮತ್ತೊಂದು ಆಕ್ಷೇಪ ಆರೋಗ್ಯದ್ದು. ಸೌದೆಯ ಹೊಗೆ ಭಟ್ಟನ ಎದೆಗೆ ಇಳಿಯುತ್ತದೆ. ಮಂಡಕ್ಕಿ ಭಟ್ಟಿಗಳಲ್ಲಿ ಹಳೆಯ ಟೈರ್ ಉರಿಸಿದ ಕಪ್ಪು ಹೊಗೆ ಆ ಕೇರಿಗಳ ಮಕ್ಕಳ ಉಸಿರಾಟಕ್ಕೇ ಕುತ್ತಾಗಿತ್ತು. ತಟ್ಟೆ ತೊಳೆಯುವ ನೀರು, ಬೆಣ್ಣೆಯ ಅಪ್ಪಟತನದ ಪ್ರಶ್ನೆಗಳೂ ಇವೆ. ಇವನ್ನು ರುಚಿಯ ಹೆಸರಿನಲ್ಲಿ ಮನ್ನಿಸಲಾಗದು. 2006ರ ಆಹಾರ ಸುರಕ್ಷತಾ ಕಾಯ್ದೆ ಅತಿ ಸಣ್ಣ ವ್ಯಾಪಾರಿಯ ನೋಂದಣಿಯನ್ನೂ ಕೇಳುತ್ತದೆ. ಆದರೆ ದಂಡದ ರಸೀದಿಯೊಂದರಿಂದ ಹೊಗೆ ಕಡಿಮೆಯಾಗದು. ಭತ್ತದ ಹೊಟ್ಟು ಉರಿಸುವ ಸುಧಾರಿತ ಒಲೆಗೆ ಸಾಲ, ಎತ್ತರದ ಚಿಮಣಿ, ಹೋಟೆಲಿಗೆ ದಿನವಿಡೀ ನಲ್ಲಿ ನೀರು, ಇಷ್ಟನ್ನು ಸಂಸ್ಥೆಗೆ ಕೊಡುವ ಮರ್ಯಾದೆಯಾಗಿ ಕೊಡಬೇಕು.

ಇಂದಿನ ಒತ್ತಡ ಇನ್ನೊಂದು ದಿಕ್ಕಿನಿಂದ ಬರುತ್ತಿದೆ. ಬೆಣ್ಣೆ, ಸೌದೆ, ಬಾಡಿಗೆ ಏರಿದಂತೆ ಮಾಲೀಕನಿಗೆ ತೋರುವ ಸುಲಭದ ದಾರಿ ದರಪಟ್ಟಿಯನ್ನು ಉದ್ದ ಮಾಡುವುದು: ಚೀಸ್, ಪನೀರ್, ಗೋಬಿ, ಮೇಲೊಂದು ಹವಾನಿಯಂತ್ರಿತ ಮಹಡಿ. ಆತನನ್ನು ದೂರುವಂತಿಲ್ಲ, ಅವನಿಗೂ ಸಂಸಾರವಿದೆ. ಆದರೆ ತಿನ್ನುವ ನಾವು ಒಂದು ಲೆಕ್ಕ ಇಟ್ಟುಕೊಳ್ಳಬಹುದು. ದೋಸೆ ಎಷ್ಟು ಬಗೆಯದಾಯಿತು, ಎಷ್ಟು ಊರಿಗೆ ಹೋಯಿತು ಎಂಬುದು ಅದರ ಕೀರ್ತಿಯ ಲೆಕ್ಕ. ಮಂಡಿಪೇಟೆಯಲ್ಲಿ ಬೆಳಿಗ್ಗೆಯಿಂದ ಮೂಟೆ ಹೊತ್ತವನು ತನ್ನ ಅರ್ಧ ದಿನದ ಕೂಲಿ ಮುರಿಯದೆ ಆ ಬೆಂಚಿನಲ್ಲಿ ಕೂರಬಲ್ಲನೇ ಎಂಬುದು ಊರಿನ ಲೆಕ್ಕ. ದಾವಣಗೆರೆಯ ಹೆಸರು ಹೊತ್ತ ಫಲಕ ಎಲ್ಲಿ ಬೇಕಾದರೂ ತೂಗಲಿ. ಎರಡನೇ ಲೆಕ್ಕ ತಪ್ಪದಂತೆ ನೋಡಿಕೊಳ್ಳುವ ಹೊಣೆ ಮಾತ್ರ ಕಾವಲಿ ಹಿಡಿದವನದಷ್ಟೇ ಅಲ್ಲ, ಆ ಬೆಂಚಿನಲ್ಲಿ ಕೂತು ತಿಂದವರೆಲ್ಲರದು.