ಲಕ್ಷಣದಿಂದ ಕಾರಣಕ್ಕೆ: ಹಳೆಯ ಸಬರ್ಬನ್ನಿನ ಸ್ವಹಸ್ತ ದುರಸ್ತಿ

ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ 1935ನೆಯ ಇಸವಿಯಿಂದ ಇಂದಿನವರೆಗೆ ಒಂದೇ ಹೆಸರಿನಿಂದ ಮಾರಾಟವಾಗುತ್ತ ಬಂದಿರುವ ಮೋಟಾರು ವಾಹನವೊಂದುಂಟು. ಅದು ಶೆವ್ರೊಲೆ ಸಬರ್ಬನ್. ಹೆಸರು ಅದೇ ಆದರೂ ರೂಪವು ತಲೆಮಾರಿನಿಂದ ತಲೆಮಾರಿಗೆ ಬದಲಾಗಿದೆ. ಆ ತಲೆಮಾರುಗಳ ಪೈಕಿ 2000ದಿಂದ 2006ರವರೆಗಿನ ಮಾದರಿಗಳನ್ನು ಈ ಅಧ್ಯಾಯಕ್ಕೆ ಆರಿಸಿಕೊಂಡಿದ್ದೇನೆ. ಏಣಿಯಾಕಾರದ ಉಕ್ಕಿನ ಚೌಕಟ್ಟಿನ ಮೇಲೆ ಒಡಲನ್ನು ಪ್ರತ್ಯೇಕವಾಗಿ ಕೂರಿಸಿ ಬೋಲ್ಟುಗಳಿಂದ ಬಿಗಿದ, ಹದಿನೆಂಟು ಅಡಿಗೂ ಮೀರಿದ ಉದ್ದದ, ಸುಮಾರು 2,300 ಕಿಲೋಗ್ರಾಂ ತೂಕದ ಈ ವಾಹನದಲ್ಲಿ, ಬಾನೆಟ್ಟನ್ನೆತ್ತಿದರೆ ಮನುಷ್ಯನ ಎರಡು ಕೈಗಳೂ ಇಳಿಯುವಷ್ಟು ಅವಕಾಶವಿದೆ. 5.3 ಲೀಟರಿನ, ಎಂಟು ಸಿಲಿಂಡರುಗಳ ಅದರ ಎಂಜಿನ್ನಿನ ದೇಹವು ಬಹುಮಟ್ಟಿಗೆ ಎರಕದ ಕಬ್ಬಿಣದ್ದು. ಅದೇ ವಂಶದ ಸಿಲ್ವೆರಾಡೊ ಟ್ರಕ್ಕಿಗೂ ಟಾಹೊ ವಾಹನಕ್ಕೂ ಇದಕ್ಕೂ ಬಹುಪಾಲು ಬಿಡಿಭಾಗಗಳು ಸಮಾನವಾದುದರಿಂದ, ಇಪ್ಪತ್ತು ವರ್ಷಗಳು ಸಂದ ಮೇಲೆಯೂ ಬೇಕಾದ ಭಾಗವು ಬೇಕಾದಾಗ ದೊರೆಯುತ್ತದೆ. ವಾಹನದ ಹದಿನೇಳು ಅಕ್ಷರಗಳ ಗುರುತುಸಂಖ್ಯೆಯಲ್ಲಿ ಹನ್ನೊಂದನೆಯದು ‘ಜೆ’ ಆಗಿದ್ದರೆ, ಅದು ವಿಸ್ಕಾನ್ಸಿನ್ ಸಂಸ್ಥಾನದ ಜೇನ್ಸ್‌ವಿಲ್ ಊರಿನಲ್ಲಿ ಜನಿಸಿದ್ದು. ಅಲ್ಲಿನ ಕಾರ್ಖಾನೆಯು 2008ರ ಡಿಸೆಂಬರ್ 23ರಂದು ಈ ಬಗೆಯ ವಾಹನಗಳ ತಯಾರಿಕೆಯನ್ನು ನಿಲ್ಲಿಸಿತು. ಅದು ಹೆತ್ತ ವಾಹನಗಳು ಮಾತ್ರ ಇನ್ನೂ ಓಡುತ್ತಿವೆ.

ನಮ್ಮ ಊರುಗಳಲ್ಲಿ ವಾಹನ ಕೆಟ್ಟರೆ ಅದನ್ನು ಗ್ಯಾರೇಜಿನ ಮೇಸ್ತ್ರಿಗೆ ಒಪ್ಪಿಸಿ ನಿಶ್ಚಿಂತರಾಗುವುದು ವಾಡಿಕೆ. ಬಿಡಿಭಾಗ ಬೇಕಾದರೆ ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಯ ಮುಂದೆ ನಿಂತು ಬಾಯಲ್ಲಿ ಕೇಳಿದರಾಯಿತು. ಅಮೆರಿಕದಲ್ಲಿ ನೆಲೆಸಿದ ಕನ್ನಡಿಗನಿಗೆ ಆ ಅನುಕೂಲವಿಲ್ಲ. ಅಲ್ಲಿ ದುರಸ್ತಿಗಾರನ ಒಂದು ಗಂಟೆಯ ಕೂಲಿಯು ಅನೇಕ ವೇಳೆ ಕೆಟ್ಟ ಭಾಗದ ಬೆಲೆಯನ್ನೇ ಮೀರುತ್ತದೆ. ಆದುದರಿಂದ ಮನೆಯ ಮುಂದಿನ ಕಾಂಕ್ರೀಟಿನ ಹಾದಿಯಲ್ಲಿ ಮಲಗಿ ತನ್ನ ವಾಹನವನ್ನು ತಾನೇ ಸರಿಪಡಿಸಿಕೊಳ್ಳುವುದು ಅಲ್ಲಿನ ಜನಜೀವನದ ಒಂದು ಗೌರವಾರ್ಹ ಸಂಪ್ರದಾಯವಾಗಿದೆ. ಗುಜರಿಯ ಅಂಗಳಗಳಿಗೂ ಜನರು ತಮ್ಮ ಸ್ಪ್ಯಾನರುಗಳನ್ನು ತಾವೇ ಹೊತ್ತು ಹೋಗಿ, ಸಾಲಾಗಿ ನಿಂತ ಹಳೆಯ ವಾಹನಗಳಿಂದ ತಮಗೆ ಬೇಕಾದುದನ್ನು ಬಿಚ್ಚಿಕೊಂಡು ಬಂದು ಹಣ ಕೊಡುತ್ತಾರೆ.

ಈ ಕಾರ್ಯಕ್ಕೆ ಕೈಬಲಕ್ಕಿಂತ ಮುಂಚಿತವಾಗಿ ಬೇಕಾದುದು ಅನುಮಾನಪ್ರಮಾಣದ ಶಿಸ್ತು. ಪರ್ವತದಲ್ಲಿ ಹೊಗೆಯನ್ನು ಕಂಡು ಬೆಂಕಿಯನ್ನು ಊಹಿಸಬೇಕೆಂದು ನಮ್ಮ ತಾರ್ಕಿಕರು ಹೇಳಿದರೇ ಹೊರತು, ಹೊಗೆಯನ್ನೇ ಹಿಡಿದು ಹೊಡೆಯಬೇಕೆಂದು ಹೇಳಲಿಲ್ಲ. ವಾಹನವು ತೋರುವ ಲಕ್ಷಣವು ಹೊಗೆ. ಕೆಟ್ಟಿರುವ ಭಾಗವು ಬೆಂಕಿ. ಇವೆರಡರ ನಡುವಿನ ದಾರಿಯನ್ನು ಕ್ರಮವಾಗಿ ನಡೆಯದೆ ಲಕ್ಷಣಕ್ಕೆ ಹೆಸರಿಟ್ಟ ಭಾಗವನ್ನೇ ಕೊಂಡುತಂದು ಬದಲಿಸುವವನು ಹಣವನ್ನೂ ಕಾಲವನ್ನೂ ಕಳೆದುಕೊಂಡು, ಕೊನೆಗೆ ಅದೇ ಲಕ್ಷಣದ ಮುಂದೆ ನಿಲ್ಲಬೇಕಾಗುತ್ತದೆ. ನಾನು ಇದನ್ನು ಕಲಿತದ್ದು ಬ್ರೇಕಿನಿಂದ.

ನನ್ನ ಬಳಿ ಇದ್ದುದು 2002ರ ಸಬರ್ಬನ್. ಮಿಷಿಗನ್ನಿನ ನಾಲ್ಕಾರು ಚಳಿಗಾಲಗಳನ್ನು ಕಂಡಿದ್ದ ಆ ವಾಹನವನ್ನು ಒಂದು ದಿನ ಕೂಡುರಸ್ತೆಯಲ್ಲಿ ನಿಲ್ಲಿಸಹೊರಟಾಗ, ವೇಗವು ಇನ್ನೇನು ಅಡಗಬೇಕೆನ್ನುವಷ್ಟರಲ್ಲಿ, ಬ್ರೇಕಿನ ಪೆಡಲ್ಲು ಕಾಲಿನ ಕೆಳಗೆ ಗರಗರನೆ ನಡುಗಿ, ವಾಹನವು ನಿಲ್ಲಬೇಕಾದ ಗೆರೆಯನ್ನು ದಾಟಿ ಮುಂದೆ ಜಾರಿತು. ರಸ್ತೆಯಲ್ಲಿ ಮಂಜುಗಡ್ಡೆಯಿರಲಿಲ್ಲ, ನೀರೂ ಇರಲಿಲ್ಲ. ದುರಸ್ತಿಯ ಅಂಗಡಿಯೊಂದರಲ್ಲಿ ಕೇಳಿದಾಗ, ಚಕ್ರಗಳು ಬಿಗಿದು ಜಾರದಂತೆ ತಡೆಯುವ ಎಬಿಎಸ್ ವ್ಯವಸ್ಥೆಯ ನಿಯಂತ್ರಕವನ್ನೇ ಬದಲಿಸಬೇಕೆಂದರು. ಬೆಲೆಯನ್ನು ಕೇಳಿ ಮನೆಗೆ ಹಿಂದಿರುಗಿದೆ, ಹಿಂದಿರುಗಿದ್ದು ಒಳ್ಳೆಯದಾಯಿತು.

ಮುಂದಿನ ಪ್ರತಿಯೊಂದು ಚಕ್ರದ ಹಬ್ಬಿನೊಳಗೆ ಹಲ್ಲುಗಳುಳ್ಳ ಒಂದು ಉಂಗುರವಿದೆ. ಅದರ ಎದುರಿಗೆ ಕೂದಲೆಳೆಯಷ್ಟು ಅಂತರದಲ್ಲಿ ಅಯಸ್ಕಾಂತವನ್ನೂ ತಂತಿಯ ಸುರುಳಿಯನ್ನೂ ಅಡಗಿಸಿಕೊಂಡ ಒಂದು ಸೆನ್ಸರ್ ಕುಳಿತಿದೆ. ಚಕ್ರವು ತಿರುಗಿದಂತೆ ಹಲ್ಲುಗಳು ಒಂದೊಂದಾಗಿ ಸೆನ್ಸರಿನೆದುರು ಹಾಯ್ದು ಸುರುಳಿಯಲ್ಲಿ ಸೂಕ್ಷ್ಮವಾದ ವಿದ್ಯುತ್ತನ್ನು ಹುಟ್ಟಿಸುತ್ತವೆ. ನಿಯಂತ್ರಕವು ಆ ಮಿಡಿತಗಳನ್ನು ಎಣಿಸಿ ಚಕ್ರದ ವೇಗವನ್ನು ತಿಳಿಯುತ್ತದೆ. ವೇಗವು ತಗ್ಗಿದಂತೆ ಮಿಡಿತದ ಬಲವೂ ತಗ್ಗುವುದು ಈ ಬಗೆಯ ಸೆನ್ಸರಿನ ಸ್ವಭಾವ. ಇನ್ನು ಉತ್ತರದ ಸಂಸ್ಥಾನಗಳಲ್ಲಿ ಹಿಮವನ್ನು ಕರಗಿಸಲು ರಸ್ತೆಗಳಿಗೆ ಸುರಿಯುವ ಉಪ್ಪು, ಸೆನ್ಸರು ಕುಳಿತ ಕಬ್ಬಿಣದ ಪೀಠವನ್ನು ಮೆಲ್ಲಮೆಲ್ಲನೆ ತಿನ್ನುತ್ತದೆ. ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಸ್ಥಳವನ್ನು ಬೇಡುವ ವಸ್ತುವಾದುದರಿಂದ ಅದು ಉಬ್ಬಿ ಸೆನ್ಸರನ್ನು ಮೇಲಕ್ಕೆತ್ತುತ್ತದೆ, ಅಂತರ ಹೆಚ್ಚುತ್ತದೆ, ಮೊದಲೇ ಕ್ಷೀಣವಾಗಿದ್ದ ಮಿಡಿತವು ವಾಹನ ನಿಲ್ಲುವ ಹೊತ್ತಿಗೆ ಸಂಪೂರ್ಣವಾಗಿ ಅಡಗಿಹೋಗುತ್ತದೆ. ಆಗ ನಿಯಂತ್ರಕವು ಚಕ್ರವೊಂದು ಬಿಗಿದು ಜಾರುತ್ತಿದೆಯೆಂದು ಭ್ರಮಿಸಿ, ತನ್ನ ಧರ್ಮಕ್ಕನುಸಾರವಾಗಿ ಬ್ರೇಕನ್ನು ಸಡಿಲಿಸುತ್ತದೆ. ಅದರಲ್ಲಿ ದೋಷವೇನೂ ಇಲ್ಲ. ಅದು ಪಡೆದ ವಾರ್ತೆಯು ಸುಳ್ಳು, ಅಷ್ಟೆ. 2005ರಲ್ಲಿ ತಯಾರಕರು ಉಪ್ಪು ಬಳಸುವ ಸಂಸ್ಥಾನಗಳಲ್ಲಿದ್ದ ಈ ವಂಶದ ಲಕ್ಷಾಂತರ ವಾಹನಗಳನ್ನು ಇದೇ ಕಾರಣಕ್ಕಾಗಿ ಹಿಂದಕ್ಕೆ ಕರೆಸಿಕೊಂಡರು.

ಪರಿಹಾರಕ್ಕೆ ಬೇಕಾದುದು ಅರ್ಧ ದಿನದ ಶ್ರಮ. ಚಕ್ರವನ್ನೂ ಬ್ರೇಕಿನ ಕ್ಯಾಲಿಪರನ್ನೂ ತಟ್ಟೆಯನ್ನೂ ತೆಗೆದು, ಸೆನ್ಸರಿನ ಒಂದೇ ಬೋಲ್ಟನ್ನು ಬಿಚ್ಚಿ, ಅದನ್ನು ಮುರಿಯದಂತೆ ಮೃದುವಾಗಿ ಆಡಿಸುತ್ತ ಹೊರತೆಗೆಯಬೇಕು. ರಂಧ್ರದೊಳಕ್ಕೆ ಪುಡಿ ಬೀಳದಂತೆ ಬಟ್ಟೆಯನ್ನು ತುರುಕಿ, ಪೀಠವನ್ನು ಲೋಹವು ಹೊಳೆಯುವವರೆಗೆ ಉಜ್ಜಿ, ಸತುವಿನ ಬಣ್ಣವನ್ನು ತೆಳುವಾಗಿ ಬಳಿದು, ಸೆನ್ಸರನ್ನು ಸಮತಟ್ಟಾಗಿ ಕೂರಿಸಬೇಕು. ನಮ್ಮ ಬಡಗಿಗಳು ಮರವನ್ನು ನಯಗೊಳಿಸುವ ಕಾಗದಕ್ಕೆ ಉಪ್ಪುಕಾಗದವೆಂಬ ಹೆಸರಿದೆ. ಉಪ್ಪು ತಂದ ಕೇಡನ್ನು ಉಪ್ಪುಕಾಗದದಿಂದ ಕಳೆಯುತ್ತ ಕುಳಿತ ಆ ಮಧ್ಯಾಹ್ನ ನನಗೆ ಊರು ನೆನಪಾಯಿತು. ಹಬ್ಬಿನ ಬೇರಿಂಗು ಸವೆದು ಉಂಗುರವೇ ತೂಗಾಡುತ್ತಿದ್ದರೆ ಮಾತ್ರ ಹಬ್ಬನ್ನು ಪೂರ್ತಿಯಾಗಿ ಬದಲಿಸತಕ್ಕದ್ದು.

ಇಲ್ಲಿ ಒಂದು ಎಚ್ಚರಿಕೆಯನ್ನು ಹೇಳದೆ ಮುಂದುವರಿಯಲಾರೆ. ಜಾಕ್ ಎಂಬುದು ವಾಹನವನ್ನು ಎತ್ತುವ ಸಾಧನವೇ ಹೊರತು ಎತ್ತಿ ಹಿಡಿಯುವ ಸಾಧನವಲ್ಲ. ಸಮನೆಲದಲ್ಲಿ ನಿಲ್ಲಿಸಿ, ಎತ್ತದಿರುವ ಚಕ್ರಗಳಿಗೆ ಹಿಂದೆಮುಂದೆ ಅಡ್ಡಗಟ್ಟೆಗಳನ್ನಿಟ್ಟು, ಚೌಕಟ್ಟಿನ ಕೆಳಗೆ ಈ ಭಾರವನ್ನು ಧಾರಾಳವಾಗಿ ತಾಳಬಲ್ಲ ಉಕ್ಕಿನ ಊರುಗಾಲುಗಳನ್ನು ಕೊಟ್ಟ ಮೇಲಲ್ಲದೆ ದೇಹದ ಯಾವ ಭಾಗವನ್ನೂ ವಾಹನದ ಅಡಿಗೆ ಒಯ್ಯಬಾರದು.

ಉಪ್ಪಿನ ಎರಡನೆಯ ಆಘಾತ ಬ್ರೇಕಿನ ದ್ರವವನ್ನು ಒಯ್ಯುವ ಉಕ್ಕಿನ ಕೊಳವೆಗಳ ಮೇಲೆ. ಚಾಲಕನ ಕಡೆಯ ಚೌಕಟ್ಟಿನ ಒಳಬದಿಯಲ್ಲಿ ಹಾಯುವ ಈ ಕೊಳವೆಗಳ ಸುತ್ತ ಕೆಸರೂ ಉಪ್ಪೂ ವರ್ಷಾನುವರ್ಷ ಶೇಖರವಾಗಿ, ಅವುಗಳನ್ನು ಚೌಕಟ್ಟಿಗೆ ಹಿಡಿದಿಡುವ ಕ್ಲಿಪ್ಪುಗಳ ಬಳಿಯಲ್ಲಿ ಮೊದಲು ತುಕ್ಕು ಹಿಡಿಯುತ್ತದೆ. ಕೊನೆಗೊಂದು ದಿನ ಪೆಡಲ್ಲನ್ನು ಬಲವಾಗಿ ಒತ್ತಿದ ಕ್ಷಣದಲ್ಲಿಯೇ, ಎಂದರೆ ಬ್ರೇಕು ಅತ್ಯಂತ ಅವಶ್ಯವಾದ ಕ್ಷಣದಲ್ಲಿಯೇ, ಕೊಳವೆಯು ಒಡೆಯುತ್ತದೆ. ಒಂದು ಕಡೆ ಒಡೆದರೆ ಅಷ್ಟನ್ನೇ ಕತ್ತರಿಸಿ ತೇಪೆ ಹಾಕುವವರುಂಟು, ಅದು ಸಲ್ಲದು. ಒಂದೆಡೆ ತೂತಾದ ಕೊಳವೆಯು ಬೇರೆಡೆಗಳಲ್ಲಿಯೂ ಸಾಯುತ್ತಿದೆಯೆಂದೇ ತಿಳಿದು ಇಡಿಯದನ್ನು ಬದಲಿಸುವುದೇ ವಿವೇಕ. ತಾಮ್ರಕ್ಕೆ ಸ್ವಲ್ಪ ನಿಕಲ್ ಬೆರೆಸಿದ ಮಿಶ್ರಲೋಹದ ಕೊಳವೆಯು ತುಕ್ಕಿಗೆ ಸಿಕ್ಕದು, ಕೈಯಿಂದಲೇ ಬಾಗುವಷ್ಟು ಮೃದುವಾದುದು. ಆದುದರಿಂದ ಮನೆಯಲ್ಲಿ ಕೆಲಸ ಮಾಡುವವನಿಗೆ ಅದಕ್ಕಿಂತ ಉತ್ತಮವಾದುದಿಲ್ಲ. ಅದರ ತುದಿಯನ್ನು ಎರಡು ಮಡಿಕೆಯಾಗಿ ಅರಳಿಸಿ ಕೂಡಿಸುವ ಕೌಶಲವನ್ನು ಮೊದಲು ವ್ಯರ್ಥವಾದ ತುಂಡುಗಳ ಮೇಲೆ ಅಭ್ಯಾಸಮಾಡಿಕೊಂಡು, ಅನಂತರ ವಾಹನಕ್ಕೆ ಕೈಹಾಕಬೇಕು. ಕೊನೆಯಲ್ಲಿ ದ್ರವದೊಳಗಿನ ಗಾಳಿಯನ್ನು ಒಂದು ಗುಳ್ಳೆಯೂ ಉಳಿಯದಂತೆ ಹೊರಗೆಡಹಬೇಕು. ಗಾಳಿಯು ಎಬಿಎಸ್ ಪೆಟ್ಟಿಗೆಯೊಳಕ್ಕೆ ಸೇರಿದ್ದರೆ ಅದನ್ನು ಹೊರಡಿಸಲು ತಕ್ಕ ಸ್ಕ್ಯಾನರ್ ಉಪಕರಣವೇ ಬೇಕಾಗುತ್ತದೆ.

ಎಂಜಿನ್ನಿನ ವಿಷಯಕ್ಕೆ ಬಂದರೆ, 1996ರ ಮಾದರಿಯಿಂದೀಚೆಗೆ ಅಮೆರಿಕದಲ್ಲಿ ಮಾರಾಟವಾದ ಪ್ರತಿಯೊಂದು ಪೆಟ್ರೋಲ್ ಕಾರಿನಲ್ಲಿಯೂ ಸ್ಟೀರಿಂಗಿನ ಬಳಿ ಹದಿನಾರು ಕಡ್ಡಿಗಳ ಒಂದು ಸಂಪರ್ಕದ್ವಾರವಿದ್ದು, ಅಲ್ಲಿಗೆ ಅಗ್ಗದ ಓದುಯಂತ್ರವೊಂದನ್ನು ಜೋಡಿಸಿದರೆ ಎಂಜಿನ್ನಿನ ಗಣಕವು ಕಂಡ ದೋಷವನ್ನು ಸಂಖ್ಯೆಯಾಗಿ ತಿಳಿಸುತ್ತದೆ. ಚಳಿಯ ಮುಂಜಾನೆ ಎಂಜಿನ್ನು ತಡವರಿಸಿ, ಬಿಸಿಯಾದ ಮೇಲೆ ನೆಟ್ಟಗಾಗಿ, ಪಿ0171 ಮತ್ತು ಪಿ0174 ಎಂಬ ಎರಡು ಸಂಖ್ಯೆಗಳು ಒಟ್ಟಿಗೆ ಕಂಡುವೆನ್ನೋಣ. ನಾಲ್ಕು ನಾಲ್ಕು ಸಿಲಿಂಡರುಗಳ ಎರಡು ಸಾಲುಗಳಲ್ಲಿಯೂ ಇಂಧನಕ್ಕೆ ಹೋಲಿಸಿದರೆ ಗಾಳಿ ಹೆಚ್ಚಾಗಿದೆಯೆಂಬುದು ಅವುಗಳ ಅರ್ಥ. ಎರಡು ಸಾಲುಗಳ ಹೊಗೆಯನ್ನು ಅಳೆಯುವ ಆಮ್ಲಜನಕದ ಸೆನ್ಸರುಗಳು ಕೆಟ್ಟಿವೆಯೆಂದು ಅವಸರದವನು ಅವುಗಳನ್ನು ಬದಲಿಸುತ್ತಾನೆ. ವಿಚಾರಶೀಲನಾದರೋ, ಎರಡು ಸಾಲುಗಳೂ ಏಕಕಾಲದಲ್ಲಿ ದೂರುತ್ತಿರುವಾಗ ಕಾರಣವು ಎರಡಕ್ಕೂ ಸಮಾನವಾದುದಾಗಿರಬೇಕೆಂದು ಮೊದಲು ನಿಶ್ಚಯಿಸುತ್ತಾನೆ. ಬಳಿಕ ಅನ್ವಯ ವ್ಯತಿರೇಕಗಳಿಂದ, ಎಂದರೆ ಕಾರಣವಿದ್ದಾಗ ಏನಾಗುವುದು, ಇಲ್ಲದಾಗ ಏನಾಗುವುದು ಎಂದು ನೋಡಿ, ಪರೀಕ್ಷಿಸುತ್ತಾನೆ. ಎಂಜಿನ್ನು ನಿಧಾನವಾಗಿ ತಿರುಗುವಾಗ ಗಣಕವು ಹೆಚ್ಚುವರಿ ಇಂಧನವನ್ನು ಬಹಳವಾಗಿ ಸೇರಿಸುತ್ತಿದ್ದು, ನಿಮಿಷಕ್ಕೆ 2,500 ಸುತ್ತುಗಳಿಗೆ ಏರಿಸಿದಾಗ ಆ ಸೇರ್ಪಡೆ ತಗ್ಗಿದರೆ, ಅಳತೆಗೆ ಸಿಕ್ಕದ ಗಾಳಿ ಎಲ್ಲಿಂದಲೋ ನುಸುಳುತ್ತಿದೆ. ಏಕೆಂದರೆ ಗಾಳಿಯ ಪ್ರವಾಹ ದೊಡ್ಡದಾದಂತೆ ನುಸುಳಿನ ಪಾಲು ಚಿಕ್ಕದಾಗುತ್ತದೆ. ತದ್ವಿರುದ್ಧವಾಗಿ ವೇಗದೊಡನೆ ಕೊರತೆಯೂ ಏರಿದರೆ ಇಂಧನದ ಪಂಪನ್ನೋ ಕೊಳೆಯಾದ ಗಾಳಿಯಳತೆಯ ಸೆನ್ಸರನ್ನೋ ಶಂಕಿಸಬೇಕು.

ಈ ಎಂಜಿನ್ನಿನಲ್ಲಿ ನುಸುಳಿನ ಸ್ಥಾನ ಬಹುತೇಕ ಒಂದೇ. ಮೇಲಿರುವ ಪ್ಲಾಸ್ಟಿಕ್ಕಿನ ಗಾಳಿಕೊಳವೆಗೂ ಸಿಲಿಂಡರುಗಳ ಅಲ್ಯುಮಿನಿಯಂ ತಲೆಗೂ ನಡುವಿನ ಗ್ಯಾಸ್ಕೆಟ್ಟುಗಳು ವಯಸ್ಸಾಗಿ ಗಡುಸಾಗಿ, ಚಳಿಯಲ್ಲಿ ಕುಗ್ಗಿ ಸಂದು ಬಿಟ್ಟು, ಬಿಸಿಗೆ ಹಿಗ್ಗಿ ಮತ್ತೆ ಮುಚ್ಚಿಕೊಳ್ಳುತ್ತವೆ. ಮುಂಜಾನೆಯ ತಡವರಿಕೆಯ ರಹಸ್ಯ ಇದೇ. ಹತ್ತು ಬೋಲ್ಟುಗಳನ್ನು ಬಿಚ್ಚಿ ಹೊಸ ಗ್ಯಾಸ್ಕೆಟ್ಟುಗಳನ್ನು ಕೂರಿಸಿದ ಮೇಲೆ, ಮಧ್ಯದಿಂದ ಹೊರಕ್ಕೆ ಸಾಗುತ್ತ ಮೊದಲ ಸುತ್ತಿನಲ್ಲಿ 5, ಎರಡನೆಯ ಸುತ್ತಿನಲ್ಲಿ 10 ನ್ಯೂಟನ್ ಮೀಟರಿಗೆ ಬಿಗಿಯಬೇಕು. ಇದು ಎರಡು ಬೆರಳುಗಳ ಬಲಕ್ಕಿಂತ ಅಷ್ಟೇನೂ ಹೆಚ್ಚಲ್ಲ. ತೋಳ್ಬಲವುಳ್ಳವರು ಪ್ಲಾಸ್ಟಿಕ್ಕನ್ನು ಸೀಳಿಬಿಡುವುದು ಇಲ್ಲಿಯೇ.

2003ರಿಂದ 2006ರವರೆಗಿನ ಮಾದರಿಗಳ ಮೀಟರು ಫಲಕದ ರೋಗವೂ ಪ್ರಸಿದ್ಧವಾದುದು. ವಾಹನವು ನಿಂತಿದ್ದರೂ ವೇಗದ ಮುಳ್ಳು ಗಂಟೆಗೆ 80 ಮೈಲಿಯನ್ನು ತೋರುತ್ತಿರುತ್ತದೆ. ಪ್ರತಿಯೊಂದು ಮುಳ್ಳನ್ನೂ ತಿರುಗಿಸುವ ಬೆರಳ ತುದಿಯಷ್ಟು ಗಾತ್ರದ ಪುಟ್ಟ ಮೋಟಾರಿನ ವೈಫಲ್ಯವೇ ಇದಕ್ಕೆ ಕಾರಣ. ಗುಜರಿಯಿಂದ ಬೇರೊಂದು ಫಲಕವನ್ನು ತಂದು ಹಾಕಿದರಾಗದೇ ಎಂದರೆ, ಆಗದು: ವಾಹನವು ಕ್ರಮಿಸಿದ ಮೈಲಿಗಳ ಲೆಕ್ಕವು ಆ ಫಲಕದ ಸ್ಮೃತಿಯಲ್ಲಿಯೇ ಇರುವುದರಿಂದ ಅನ್ಯರ ಫಲಕವು ಅನ್ಯರ ಲೆಕ್ಕವನ್ನು ತೋರುತ್ತದೆ, ಮತ್ತು ಅದನ್ನು ಮುಚ್ಚಿಟ್ಟು ಮಾರುವುದು ಅಲ್ಲಿನ ಕಾನೂನಿಗೆ ವಿರುದ್ಧ. ತನ್ನ ಫಲಕವನ್ನೇ ಬಿಚ್ಚಿ, ಮುಳ್ಳುಗಳ ಸ್ಥಾನವನ್ನು ಗುರುತಿಸಿಟ್ಟುಕೊಂಡು, ಒಂದೊಂದು ಮೋಟಾರಿನ ನಾಲ್ಕು ಕಾಲುಗಳ ಬೆಸುಗೆಯನ್ನು ಕರಗಿಸಿ, ಹೊಸದನ್ನು ಬೆಸೆಯುವುದು ರೇಡಿಯೋ ದುರಸ್ತಿ ಬಲ್ಲವನಿಗೆ ಒಂದು ಸಂಜೆಯ ಕೆಲಸ. ಒಂದು ಕೆಟ್ಟಾಗ ಉಳಿದವುಗಳನ್ನೂ ಬದಲಿಸಿಬಿಡುವುದು ಮೇಲು. ಅವೆಲ್ಲವೂ ಒಂದೇ ವಯಸ್ಸಿನವು.

ಇನ್ನು ಅಭಿವೃದ್ಧಿಯ ಮಾತು. ಮುಂಭಾಗದಲ್ಲಿ ಸ್ಪ್ರಿಂಗಿನ ಕೆಲಸ ಮಾಡುವ ತಿರುಚುದಂಡಗಳ ಬೋಲ್ಟನ್ನು ಬಿಗಿದು ವಾಹನವನ್ನು ಎರಡು ಮೂರು ಅಂಗುಲ ಎತ್ತರಿಸುವ ಹವ್ಯಾಸವು ಬಹಳ ಜನರಲ್ಲಿದೆ. ನೋಟಕ್ಕೆ ಗಾಂಭೀರ್ಯವುಂಟಾಗುವುದೇನೋ ದಿಟ; ಆದರೆ ನಾಲ್ಕು ಚಕ್ರಗಳಿಗೂ ಬಲ ಹರಿಯುವ ಮಾದರಿಗಳಲ್ಲಿ ಮುಂದಿನ ಅಚ್ಚುಗಳ ಸಂಧಿಗಳು ಅಸಹಜವಾದ ಕೋನದಲ್ಲಿ ತಿರುಗಬೇಕಾಗಿ ಬೇಗ ಸವೆಯುತ್ತವೆ, ಸವಾರಿಯು ಕಠಿನವಾಗುತ್ತದೆ, ಟಯರುಗಳು ಓರೆಯಾಗಿ ತೇಯುತ್ತವೆ. ಇದನ್ನು ನಾನು ಅಭಿವೃದ್ಧಿಯೆನ್ನಲಾರೆ. ಭಾರವನ್ನೆಳೆಯುವವರು ಗೇರುಪೆಟ್ಟಿಗೆಯ ಎಣ್ಣೆಗೆ ಪ್ರತ್ಯೇಕವಾದ ಶೀತಕವನ್ನು ಜೋಡಿಸುವುದು ಯುಕ್ತ. ಸ್ವಯಂಚಾಲಿತ ಗೇರಿನ ಪರಮಶತ್ರು ತಾಪ.

ಎಲ್ಲಕ್ಕಿಂತ ಮೊದಲು ಮಾಡಬೇಕಾದ ಅಭಿವೃದ್ಧಿಯಾವುದೆಂದು ಯಾರಾದರೂ ಕೇಳಿದರೆ ನನ್ನ ಉತ್ತರ ಒಂದೇ: ಹಿಂಬದಿಯ ಕ್ಯಾಮೆರಾ. ಇಷ್ಟು ಎತ್ತರವಾದ, ಇಷ್ಟು ನೀಳವಾದ ವಾಹನದ ಹಿಂದೆ ಚಾಲಕನ ಕಣ್ಣಿಗೆ ಬೀಳದ ನೆಲವು ಬಹಳ ವಿಸ್ತಾರವಾದುದು. ಆ ಕುರುಡು ನೆಲದಲ್ಲಿ ಮನೆಯ ಮಕ್ಕಳೇ ಮನೆಯವರ ಚಕ್ರಕ್ಕೆ ಸಿಕ್ಕ ದುರಂತಗಳು ನಡೆದುದರಿಂದಲೇ 2008ರಲ್ಲಿ ಅಮೆರಿಕದಲ್ಲಿ ಶಾಸನವೊಂದು ಅಂಗೀಕೃತವಾಗಿ, 2018ರ ಮೇ ತಿಂಗಳಿನಿಂದ ಪ್ರತಿಯೊಂದು ಹೊಸ ಕಾರಿಗೂ ಹಿಂಬದಿಯ ಕ್ಯಾಮೆರಾ ಕಡ್ಡಾಯವಾಯಿತು. ಹಳೆಯ ವಾಹನಕ್ಕೆ ಆ ಕಡ್ಡಾಯವಿಲ್ಲ, ಅಪಾಯ ಮಾತ್ರ ಉಂಟು. ನಂಬರು ಫಲಕದ ಮೇಲ್ಗಡೆ ಕ್ಯಾಮೆರಾವನ್ನು ಕೂರಿಸಿ, ಹಿಂಬಾಗಿಲಿನ ರಬ್ಬರು ತೋಳಿನೊಳಗಿಂದ ತಂತಿಯನ್ನು ನುಸುಳಿಸಿ, ಹೊಸ್ತಿಲ ಪಟ್ಟಿಗಳ ಅಡಿಯಲ್ಲಿ ಮುಂದಕ್ಕೆ ಒಯ್ದು, ಒಳಗನ್ನಡಿಯಲ್ಲಿ ಅಡಕವಾದ ಪರದೆಗೆ ಸೇರಿಸಬೇಕು. ಹಿಂಗೇರಿನ ದೀಪದ ತಂತಿಯಿಂದ ವಿದ್ಯುತ್ತನ್ನು ಪಡೆದರೆ, ಗೇರನ್ನು ಹಿಂದಕ್ಕೆ ಹಾಕಿದೊಡನೆ ಚಿತ್ರವು ತಾನಾಗಿ ಮೂಡುತ್ತದೆ. ಕೆಲಸ ಮುಗಿದ ಮೇಲೆ ವಾಹನದ ಹಿಂದೆ ಒಂದು ಮಾರು ದೂರದಲ್ಲಿ, ಮೂರು ವರ್ಷದ ಮಗುವಿನ ಎತ್ತರದ ಒಂದು ಡಬ್ಬಿಯನ್ನಿಟ್ಟು, ಆಸನದಲ್ಲಿ ಕುಳಿತು, ಮೂರು ಕನ್ನಡಿಗಳಲ್ಲಿಯೂ ಅದನ್ನು ಹುಡುಕಿರಿ. ಆಮೇಲೆ ಗೇರನ್ನು ಹಿಂದಕ್ಕೆ ಹಾಕಿ ಪರದೆಯನ್ನು ನೋಡಿರಿ.