ನಿಮಗಿದು ಗೊತ್ತೇ? 214 ಕೋಟಿಯ ಒಂಟಿ ಸಂಖ್ಯೆ

● 31 ಎರಡುಗಳನ್ನು ಒಂದಕ್ಕೊಂದು ಗುಣಿಸಿ, ಬಂದದ್ದರಲ್ಲಿ 1 ಕಳೆಯಿರಿ. ಸಿಗುವುದು 2,14,74,83,647. ಇದು ಅವಿಭಾಜ್ಯ ಸಂಖ್ಯೆ.

● ದ್ವಿಮಾನ ಪದ್ಧತಿಯಲ್ಲಿ ಇದನ್ನು ಬರೆದರೆ ಸಾಲಾಗಿ 31 ಒಂದುಗಳು, ಮತ್ತೇನಿಲ್ಲ. ಚದುರಂಗದ ಮಣೆಯ ಮೊದಲ ಮನೆಗೆ ಒಂದು ಅಕ್ಕಿಕಾಳು, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ನಾಲ್ಕು ಎಂದು ಕೇಳಿ ರಾಜನನ್ನು ಬೇಸ್ತು ಬೀಳಿಸಿದವನ ಕಥೆ ಕೇಳಿದ್ದೀರಲ್ಲ? 31ನೇ ಮನೆ ತುಂಬುವ ಹೊತ್ತಿಗೆ ಮಣೆಯ ಮೇಲೆ ಇಷ್ಟು ಕಾಳು ಇರುತ್ತವೆ.

● ಫ್ರಾನ್ಸಿನ ಪಾದ್ರಿ ಮರ್ಸೆನ್ 1644ರಲ್ಲೇ ಇದನ್ನು ಅವಿಭಾಜ್ಯಗಳ ಪಟ್ಟಿಗೆ ಸೇರಿಸಿದ್ದ. ಸಾಧನೆ ಮಾತ್ರ ಕೊಟ್ಟಿರಲಿಲ್ಲ. ಆ ಪಟ್ಟಿಯ ಬೇರೆ ಕೆಲವು ಸಂಖ್ಯೆಗಳು ತಪ್ಪೆಂದು ಆಮೇಲೆ ತಿಳಿಯಿತು.

● ಸಾಧಿಸಿ ತೋರಿಸಿದ್ದು ಗಣಿತಜ್ಞ ಆಯ್ಲರ್, 1772ರಲ್ಲಿ. ಆಗ ಅವನಿಗೆ ಕಣ್ಣು ಹೆಚ್ಚುಕಡಿಮೆ ಕಾಣುತ್ತಲೇ ಇರಲಿಲ್ಲ! 46,340ರವರೆಗಿನ ಎಲ್ಲ ಅವಿಭಾಜ್ಯಗಳಿಂದಲೂ ಭಾಗಿಸಿ ನೋಡಬೇಕಿತ್ತು. ಅವು ನಾಲ್ಕು ಸಾವಿರಕ್ಕೂ ಹೆಚ್ಚು. ಆಯ್ಲರ್ ದಾರಿ ಹತ್ತಿರ ಮಾಡಿಕೊಂಡ. ಇದಕ್ಕೆ ಅವಿಭಾಜ್ಯ ಭಾಜಕವೊಂದು ಇದ್ದರೆ, ಅದನ್ನು 248ರಿಂದ ಭಾಗಿಸಿದಾಗ ಶೇಷ 1 ಇಲ್ಲವೇ 63 ಬರಲೇಬೇಕೆಂದು ಕಂಡುಕೊಂಡ. ಅಂಥ ಸಂಖ್ಯೆಗಳು ನಾನೂರೂ ಇಲ್ಲ. ಅವುಗಳಲ್ಲಿ ಯಾವ ಅವಿಭಾಜ್ಯವೂ ಇದನ್ನು ಭಾಗಿಸಲಿಲ್ಲ.

● 11 ಮತ್ತು 13ರಂತೆ ಎರಡರ ಅಂತರದಲ್ಲಿ ಇದಕ್ಕೊಂದು ಜೋಡಿ ಉಂಟೇ? ಇಲ್ಲ. ಹಿಂದಿನ ಬೆಸ ಸಂಖ್ಯೆ 5ರಲ್ಲಿ ಮುಗಿಯುತ್ತದೆ, ಮುಂದಿನದು 3ರಿಂದ ಭಾಗವಾಗುತ್ತದೆ.

● 30 ಎರಡುಗಳ ಗುಣಲಬ್ಧದಿಂದ ಇದನ್ನು ಗುಣಿಸಿದರೆ 23,05,84,30,08,13,99,52,128. ಇದು 6, 28, 496ರ ಸಾಲಿನ ಎಂಟನೇ ಪರಿಪೂರ್ಣ ಸಂಖ್ಯೆ: ತನ್ನನ್ನು ಬಿಟ್ಟು ಉಳಿದ ಭಾಜಕಗಳನ್ನೆಲ್ಲ ಕೂಡಿದರೆ ತಾನೇ ಬರುತ್ತದೆ. ಇದಕ್ಕಿಂತ ದೊಡ್ಡ ಪರಿಪೂರ್ಣ ಸಂಖ್ಯೆ ಸಿಗಲಿಕ್ಕಿಲ್ಲ, ಉಪಯೋಗವಿಲ್ಲದ್ದನ್ನು ಯಾರು ತಾನೇ ಹುಡುಕುತ್ತಾರೆ ಎಂದು ಇಂಗ್ಲೆಂಡಿನ ಪೀಟರ್ ಬಾರ್ಲೋ 1811ರಲ್ಲಿ ಬರೆದ. 1876ರಲ್ಲಿ ಫ್ರಾನ್ಸಿನ ಲ್ಯೂಕಾ 39 ಅಂಕಿಗಳ ಅವಿಭಾಜ್ಯವನ್ನೇ ಸಾಧಿಸಿದ. ಅದರಿಂದ ಹುಟ್ಟಿದ ಪರಿಪೂರ್ಣ ಸಂಖ್ಯೆಗೆ 77 ಅಂಕಿ.

● ಉಪಯೋಗದ ಮಾತಿಗೆ ಬಂದರೆ, 32 ಬಿಟ್‌ಗಳಲ್ಲಿ ಋಣ ಸಂಖ್ಯೆಗಳಿಗೂ ಜಾಗ ಬಿಟ್ಟು ಎಣಿಸುವ ಕಂಪ್ಯೂಟರಿಗೆ ಇದೇ ಗಡಿ. 1970ರ ಜನವರಿ 1ರಿಂದ ಸೆಕೆಂಡುಗಳನ್ನು ಹಾಗೆ ಎಣಿಸುತ್ತಿರುವ ಹಳೆಯ ವ್ಯವಸ್ಥೆಗಳು 2038ರ ಜನವರಿ 19ರ ಬೆಳಿಗ್ಗೆ, ನಮ್ಮ ಗಡಿಯಾರದಲ್ಲಿ 8 ಗಂಟೆ 44 ನಿಮಿಷ 7 ಸೆಕೆಂಡಿಗೆ, ಈ ಗಡಿ ಮುಟ್ಟುತ್ತವೆ. ಸರಿಪಡಿಸದಿದ್ದರೆ ಮರುಕ್ಷಣವೇ ಅವುಗಳ ಪಾಲಿಗೆ 1901ರ ಡಿಸೆಂಬರ್!

● 2014ರಲ್ಲಿ ‘ಗಂಗ್ನಮ್ ಸ್ಟೈಲ್’ ಹಾಡಿನ ವೀಕ್ಷಣೆ ಯೂಟ್ಯೂಬಿನಲ್ಲಿ ಈ ಗಡಿ ದಾಟಿತು. ಅಲ್ಲಿನ ಎಣಿಕೆ 64 ಬಿಟ್‌ಗೆ ಬದಲಾಯಿತು. ಹೊಸ ಗಡಿಗೆ 19 ಅಂಕಿ: 92,23,37,20,36,85,47,75,807. ಆಯ್ಲರ್‌ಗೆ ಇಲ್ಲಿ ಕೆಲಸವಿಲ್ಲ, ಇದು 7ರಿಂದಲೇ ಭಾಗವಾಗುತ್ತದೆ.