ಮತ್ತ ಯಾವಾಗ ಬರ್ತೀರಿ?

“ಏನು ಫಾದರ್, ಪರದೇಶಕ್ಕೆ ಪ್ರೇಷಿತ ಕಾರ್ಯಕ್ಕೆ ಹೋಗಿದ್ದಿರಂತೆ?” ಎಂದು ನಮ್ಮ ಧರ್ಮಕೇಂದ್ರದ ಹಿರಿಯರೊಬ್ಬರು ತಮಾಷೆ ಮಾಡಿದರು. ನಾವು ಹೋದದ್ದು ಗೋವಾಕ್ಕೆ. ಹುಬ್ಬಳ್ಳಿಯಲ್ಲಿ ರೈಲು ಹತ್ತಿ, ಲೋಂಡಾ, ಕ್ಯಾಸಲ್‌ರಾಕ್ ದಾಟಿ ಘಟ್ಟ ಇಳಿದರೆ ಬಂತು. ಆದರೆ ಆ ಹಿರಿಯರ ಮಾತು ಪೂರ್ತಿ ಸುಳ್ಳಲ್ಲ. 1961ರ ಡಿಸೆಂಬರ್ 19ರವರೆಗೆ ಅದು ಪೋರ್ಚುಗೀಸರ ನಾಡು. ಅವರ ಬಾಲ್ಯದಲ್ಲಿ ಅದು ನಿಜವಾಗಿಯೂ ಪರದೇಶವೇ.

ಎಂಟು ಮಂದಿ ಯುವಜನರು, ಇಬ್ಬರು ಧರ್ಮಭಗಿನಿಯರು ಮತ್ತು ನಾನು. ನಾಲ್ಕು ದಿನಗಳ ಕಾರ್ಯಕ್ರಮ. ವಾಸ್ಕೋ ಸಮೀಪದ ಜುವಾರಿನಗರದಲ್ಲಿ ನಮ್ಮ ಉತ್ತರ ಕರ್ನಾಟಕದ ಕೂಲಿಕಾರರ ದೊಡ್ಡ ವಸತಿಯಿದೆ. ಗೊಬ್ಬರದ ಕಾರ್ಖಾನೆ ಇರುವ ಈ ಜಾಗವನ್ನು ಅಲ್ಲಿಯವರು ‘ಬಿರ್ಲಾ’ ಎಂದೇ ಕರೆಯುತ್ತಾರೆ. ರಸ್ತೆಯ ಆಚೆ 2004ರಲ್ಲಿ ಆರಂಭವಾದ ಬಿಟ್ಸ್ ಪಿಲಾನಿ ಕಾಲೇಜಿನ ವಿಶಾಲ ಆವರಣ, ಈಚೆ ತಗಡಿನ ಮಾಡುಗಳ ಸಾಲು. ಗದಗ, ಬಾಗಲಕೋಟೆ, ಕೊಪ್ಪಳ, ವಿಜಯಪುರ ಎಲ್ಲ ಅಲ್ಲಿವೆ. ಅವರಲ್ಲಿ ಕೆಲವೇ ಕುಟುಂಬಗಳು ಕಥೋಲಿಕರದು.

ಎರಡನೆಯ ದಿನ ಭಾನುವಾರ. ನಮ್ಮ ಹುಡುಗರು ಅಚ್ಚುಕಟ್ಟಾಗಿ ವೇಳಾಪಟ್ಟಿ ಬರೆದು ಗೋಡೆಗೆ ಅಂಟಿಸಿದ್ದರು. ಒಂಬತ್ತಕ್ಕೆ ಮಕ್ಕಳ ಆಟ, ಹನ್ನೊಂದಕ್ಕೆ ದಂಪತಿಗಳಿಗೆ ಕುಟುಂಬ ಜೀವನದ ಉಪನ್ಯಾಸ. ಒಂಬತ್ತಕ್ಕೆ ನೋಡಿದರೆ ದೊಡ್ಡವರು ಒಬ್ಬರೂ ಇಲ್ಲ! ಗಾರೆ ಕೆಲಸದವರಿಗೆ, ಮನೆಗೆಲಸದ ಹೆಂಗಸರಿಗೆ ಭಾನುವಾರವೆಂಬುದಿಲ್ಲ. ಏಳು ಗಂಟೆಗೇ ಎಲ್ಲರೂ ಹೊರಟುಹೋಗಿದ್ದರು. ಮಕ್ಕಳು ಕೊಡಗಳನ್ನು ಸಾಲಾಗಿಟ್ಟು ನೀರಿಗೆ ಕಾಯುತ್ತಿದ್ದವು. ಧರ್ಮಭಗಿನಿಯರು ನನ್ನಷ್ಟು ಯೋಚಿಸಲಿಲ್ಲ. ಸೆರಗು ಸಿಕ್ಕಿಸಿ ಕೊಡ ಎತ್ತಿದರು. ನಮ್ಮ ಉಪನ್ಯಾಸದ ಹೊತ್ತೆಲ್ಲ ನೀರು ಹೊರುವುದರಲ್ಲಿ ಕಳೆಯಿತು. ಉಪನ್ಯಾಸ ಕೊಡಬೇಕಾಗಿದ್ದವನು ನಾನೇ ಆದ್ದರಿಂದ ಹೇಳುತ್ತೇನೆ, ಯಾರಿಗೂ ನಷ್ಟವಾಗಲಿಲ್ಲ.

ಮಕ್ಕಳ ಬಾಯಲ್ಲಿ ಕೊಂಕಣಿ, ಹಿಂದಿ ಸರಾಗ. ಕನ್ನಡ ಮಾತಾಡಲು ಬರುತ್ತದೆ, ಓದಲು ಹಲವರಿಗೆ ಬಾರದು. ಹತ್ತು ವರ್ಷದ ಹುಡುಗನೊಬ್ಬ ನಾನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಕೊಂಕಣಿಯಲ್ಲೇ ಉತ್ತರ ಕೊಟ್ಟ. ಬಳಿಕ ಅವನ ಅಕ್ಕ ಹೇಳಿದಳು, ಹೊರಗೆ ಕನ್ನಡ ಮಾತಾಡಿದರೆ ‘ಘಾಟಿ’ ಎಂದು ಹಂಗಿಸುತ್ತಾರಂತೆ. ಘಟ್ಟದ ಮೇಲಿನವರು ಎಂಬುದಷ್ಟೇ ಅದರ ಮೂಲ ಅರ್ಥ. ಅದು ಬೈಗುಳವಾಗಲು ನಿಘಂಟು ಬೇಕಾಗಿಲ್ಲ, ಹೇಳುವವರ ಮುಖ ಸಾಕು. ಮಂಗಳೂರಿನ ಕೊಂಕಣಿ ಮಾತೃಭಾಷೆಯವನಾದ ನನಗೆ ಆ ಮಾತು ಎರಡು ಕಡೆಯಿಂದಲೂ ಚುಚ್ಚಿತು. ಬಾಯಿನಾ ಕಡಲತೀರದ ಮನೆಗಳನ್ನು 2004ರ ಜೂನ್‌ನಲ್ಲಿ ನ್ಯಾಯಾಲಯದ ಆದೇಶದಂತೆ ಕೆಡವಿದಾಗ ಬೀದಿಗೆ ಬಿದ್ದವರಲ್ಲಿ ಅನೇಕರು ಕನ್ನಡದವರೇ. ಆ ನೆನಪು ಈ ಕೇರಿಗಳಲ್ಲಿ ಇನ್ನೂ ಹಸಿಯಾಗಿದೆ.

ಮಧ್ಯಾಹ್ನ ಹುಡುಗರನ್ನು ಕರೆದುಕೊಂಡು ಗುಡ್ಡ ಇಳಿದು ಸಾಂಕ್ವಾಳಕ್ಕೆ ಹೋದೆ. ಜುವಾರಿನಗರ ಸೇರಿರುವುದು ಇದೇ ಊರಿಗೆ. ಆರೋಗ್ಯಮಾತೆಯ ಹಳೆಯ ದೇವಾಲಯದ ಮುಂಭಾಗ ಮಾತ್ರ ಈಗ ನಿಂತಿದೆ. ಸಂತ ಜೋಸೆಫ್ ವಾಜ್ 1677ರ ಆಗಸ್ಟ್ 5ರಂದು ತನ್ನನ್ನು ಮೇರಿಮಾತೆಯ ದಾಸನೆಂದು ಬರೆದು ಒಪ್ಪಿಸಿಕೊಂಡದ್ದು ಇಲ್ಲಿ. 1651ರಲ್ಲಿ ಬಾಣಾವಲಿಯಲ್ಲಿ ಹುಟ್ಟಿದ ಈ ಗುರು 1681ರಲ್ಲಿ ನಮ್ಮ ಕೆನರಾಕ್ಕೆ ಬಂದರು. ಮೂರು ವರ್ಷ ಕರಾವಳಿಯ ಊರೂರು ಅಲೆದು ಗುರುಗಳಿಲ್ಲದೆ ಕಂಗೆಟ್ಟಿದ್ದ ಕ್ರೈಸ್ತರನ್ನು ಸಂತೈಸಿದರು. ಮಂಗಳೂರು ಕಡೆಯವರಿಗೆ ಮುಡಿಪುವಿನ ಪುಣ್ಯಕ್ಷೇತ್ರ ಗೊತ್ತೇ ಇದೆ. 1687ರಲ್ಲಿ ಡಚ್ಚರ ಕಣ್ಣು ತಪ್ಪಿಸಿ, ಭಿಕ್ಷುಕನ ವೇಷದಲ್ಲಿ ಸಿಲೋನಿಗೆ ಹೋದರು. ತಮಿಳು ಕಲಿತರು, ಸಿಂಹಳ ಕಲಿತರು. 1711ರ ಜನವರಿ 16ರಂದು ಕ್ಯಾಂಡಿಯಲ್ಲೇ ತೀರಿಕೊಂಡರು. 2015ರಲ್ಲಿ ಪೋಪ್ ಫ್ರಾನ್ಸಿಸ್ ಕೊಲಂಬೊದಲ್ಲಿ ಅವರನ್ನು ಸಂತರೆಂದು ಘೋಷಿಸಿದರು.

ಕಥೆ ಹೇಳಿ ಮುಗಿಸಿದಾಗ ನಮ್ಮ ತಂಡದ ಹುಡುಗಿಯೊಬ್ಬಳು ಕೇಳಿದಳು: “ಅವರದು ಎಷ್ಟು ದಿನದ ಪ್ರೋಗ್ರಾಮು ಫಾದರ್?” ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಬುಧವಾರದ ವಾಪಸ್ ಟಿಕೆಟ್ ನನ್ನ ಜೇಬಿನಲ್ಲೇ ಇತ್ತು.

ರಾತ್ರಿ ಎಂಟಕ್ಕೆ ಕನ್ನಡದಲ್ಲಿ ಬಲಿಪೂಜೆ. ಸ್ಥಳೀಯ ಧರ್ಮಗುರುಗಳು ಸಂತೋಷದಿಂದ ಅನುಮತಿ ಕೊಟ್ಟಿದ್ದರು. ಸಿಮೆಂಟು ಮೆತ್ತಿದ ಕಾಲಿನಲ್ಲೇ ಕೆಲವರು ಬಂದರು. ಹಾಡು ಶುರುವಾದಾಗ ಹಿಂದಿನ ಸಾಲಿನಿಂದ ಒಂದು ಹೆಣ್ಣುದನಿ ಎಲ್ಲರಿಗಿಂತ ಮೇಲೆ ಎದ್ದಿತು. ಪೂಜೆಯ ನಂತರ ಆ ತಾಯಿ ಬಂದು ನಿಂತರು. ಮುದಗಲ್ ಕಡೆಯವರು. ಮೂರು ವರ್ಷದ ಹಿಂದೆ ಗಂಡ ಕಟ್ಟಡದಿಂದ ಬಿದ್ದು ತೀರಿಕೊಂಡಿದ್ದರು.

“ವರ್ಷಾ ವರ್ಷಾ ಅವರ ಹೆಸರಿಲೆ ಪೂಜಿ ಕೊಡತೀನ್ರಿ. ಕೊಂಕಣ್ಯಾಗ ಆಗತೈತಿ. ಅವರ ಹೆಸರೊಂದು ತಿಳಿತೈತಿ, ಉಳಿದದ್ದು ತಿಳಿಯಂಗಿಲ್ಲ. ಒಮ್ಮೆ ನಮ್ಮ ಮಾತಿನ್ಯಾಗ ಹೇಳ್ರಿ.”

ಹಣ ಕೇಳಲಿಲ್ಲ, ಕೆಲಸ ಕೇಳಲಿಲ್ಲ. ಪೀಠದ ಮುಂದೆ ನಿಂತು ಮೃತರಿಗಾಗಿ ಮಾಡುವ ಪ್ರಾರ್ಥನೆಯನ್ನು ನಿಧಾನವಾಗಿ ಹೇಳಿದೆ. ಆಕೆ ಒಂದೊಂದು ಮಾತಿಗೂ ತಲೆಯಾಡಿಸುತ್ತಿದ್ದರು. ಆಮೇಲೆ ಕಣ್ಣೊರೆಸಿಕೊಂಡು, “ಮತ್ತ ಯಾವಾಗ ಬರ್ತೀರಿ?” ಎಂದರು.

“ನೋಡೋಣಮ್ಮ” ಎಂದೆ. ಎಷ್ಟು ಸುಲಭವಾಗಿ ಬಂತು ಆ ಮಾತು! ಆ ರಾತ್ರಿ ಸೊಳ್ಳೆಗಳಿಗಿಂತ ಹೆಚ್ಚಾಗಿ ಅದೇ ನನ್ನನ್ನು ಕಚ್ಚಿತು. ಬೆಳಿಗ್ಗೆ ಆ ಧರ್ಮಗುರುಗಳೊಡನೆ ಮಾತಾಡಿದೆ. “ಜಾಗ ಇದೆ, ಕನ್ನಡ ಬಲ್ಲ ಗುರುಗಳಿಲ್ಲ. ನೀವು ಬಂದರೆ ಸಾಕು” ಎಂದರು. ನನಗೋ ಭಾನುವಾರ ನಮ್ಮಲ್ಲೇ ಎರಡು ಪೂಜೆ. ಕೊನೆಗೆ ಎರಡು ತಿಂಗಳಿಗೊಮ್ಮೆ, ಸೋಮವಾರ ರಾತ್ರಿ, ಎಂದು ಒಪ್ಪಿಕೊಂಡೆ.

ತಪಸ್ಸುಕಾಲದಲ್ಲಿ ಮೊದಲ ಸಲ ಹೋದೆ. ಹದಿನೈದು ಮಂದಿ ಬಂದಿದ್ದರು. ಕೊಂಕಣಿಯಲ್ಲೇ ಉತ್ತರ ಕೊಡುತ್ತಿದ್ದ ಹುಡುಗ ವಾಚನದ ಪುಸ್ತಕ ಹಿಡಿದು ನಿಂತಿದ್ದ, ಓದಿದವಳು ಅವನ ಅಕ್ಕ. ಆ ತಾಯಿ ಮಾತ್ರ ಇರಲಿಲ್ಲ. ಮನೆಗೆ ಬೀಗ. ಕೆಲಸ ಹುಡುಕಿ ಮಾಪ್ಸಾ ಕಡೆ ಹೋದರೆಂದು ಪಕ್ಕದವರು ಹೇಳಿದರು. ಮಾಪ್ಸಾ ಅಲ್ಲಿಂದ ದೂರ, ಪಣಜಿಯನ್ನೂ ದಾಟಿ ಹೋಗಬೇಕು. ಮುಂದಿನ ಸಲಕ್ಕೆ ಒಂದು ದಿನ ಮುಂಚೆಯೇ ಹೊರಡುವಂತೆ ಟಿಕೆಟ್ ತೆಗೆಸಿದ್ದೇನೆ.